ಗುಟ್ಟಿನ ಬಂಗಲೆಗೆ ಕಾವಲು ನಿಂತ ತಮಟೆ

ಅವನ ಬಾಯಲ್ಲಿ ಎಳ್ಳುಕಾಳು ನೆನೆಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದೆ ಅವನನ್ನು ಹೊಗಳಬೇಕಾದ ಪ್ರಸಂಗ ಒಂದು ಬರುತ್ತದೆ, ಆಗ ಯಾರೂ ನಮ್ಮ ಮೇಲೆ ಹರಿಹಾಯಬಾರದು. ಕಸುಬಿನಿಂದ ಅವನು ಬೀಗ ರಿಪೇರಿಯವನು. ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ, ಟೀ ಅಂಗಡಿಗೂ ಔಷಧದ ಅಂಗಡಿಗೂ ನಡುವೆ, ಅವನು ಕುಳಿತರೆ ಗಿರಾಕಿ ಹೊರಗೇ ನಿಲ್ಲಬೇಕು ಅನ್ನುವಷ್ಟು ಅಗಲದ ಅಂಗಡಿ. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಕೀಲಿಕೈ. ಕೈ ಅರ ಹಿಡಿದು ಉಜ್ಜುತ್ತಿದ್ದರೆ ಬಾಯಿ ಅದಕ್ಕಿಂತ ಜೋರಾಗಿ ಓಡುತ್ತಿತ್ತು. ಅಪ್ಪ ಅಮ್ಮ ಇಟ್ಟ ಹೆಸರನ್ನು ಕೇಳುವವರೇ ಇರಲಿಲ್ಲ. ಬೀದಿ ಇಟ್ಟ ಹೆಸರು ತಮಟೆ.

ಬೀಗದ ಕಸುಬಿಗೂ ಬಾಯಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಒಂದು ಸಲ ಒಬ್ಬ ದೊಡ್ಡ ಮನುಷ್ಯರ ಮನೆಯ ಬೀರು ತೆಗೆಯಲು ಹೋದ. ಒಳಗೆ ಒಡವೆಯೂ ಇರಲಿಲ್ಲ, ಪತ್ರವೂ ಇರಲಿಲ್ಲ. ಒಂದು ವಿಗ್ ಇತ್ತು, ಅದನ್ನು ಬಾಚಲು ಒಂದು ಸಣ್ಣ ಬಾಚಣಿಗೆ ಇತ್ತು. ಮಧ್ಯಾಹ್ನದ ಹೊತ್ತಿಗೆ ಬೀದಿಯ ಜನರೆಲ್ಲ ಆ ಮಹಾಶಯರ ಮುಖ ಬಿಟ್ಟು ತಲೆಯನ್ನೇ ನೋಡಿ ಮಾತನಾಡುತ್ತಿದ್ದರು. ಅಲ್ಲಿಂದ ಮುಂದೆ ಬೀರು, ತಿಜೋರಿ, ಮೇಜಿನ ಡ್ರಾಯರು ಎಲ್ಲ ಕೆಳಬೀದಿಯ ಇನ್ನೊಬ್ಬ ಬೀಗದವನ ಪಾಲಾದವು. ಇವನಿಗೆ ಉಳಿದದ್ದು ಸೈಕಲ್ ಬೀಗ ಮತ್ತು ಬಚ್ಚಲಮನೆಯ ಚಿಲಕ. ಪಾಪ, ಅವನ ಹೊಟ್ಟೆಯಲ್ಲಿ ಕೆಟ್ಟದ್ದಿರಲಿಲ್ಲ. ಹೊಟ್ಟೆಯಲ್ಲಿ ಏನೂ ಇರುತ್ತಿರಲಿಲ್ಲ, ಎಲ್ಲ ಹೊರಗೇ.

ಅವನ ಹೆಂಡತಿ ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದಳು. ಮಾತು ಕಡಿಮೆ. ಇಡೀ ದಿನ ಯಂತ್ರದ ಗದ್ದಲ, ಮನೆಗೆ ಬಂದರೆ ಗಂಡ. ಅವಳು ಅವನಿಗೆ ಏನನ್ನೂ ಹೇಳುತ್ತಿರಲಿಲ್ಲ. ಮಗಳಿಗೆ ಗಂಡು ಗೊತ್ತಾಗಿದೆ ಎನ್ನುವ ಸುದ್ದಿ ಅವನಿಗೆ ತಲುಪಿದ್ದು ಟೀ ಅಂಗಡಿಯವನಿಂದ. ಅದೇ ಮಗಳು ಬಸುರಿ ಎನ್ನುವುದು ತಿಳಿದದ್ದು ಔಷಧದ ಅಂಗಡಿಯವನಿಂದ. ಅಂದು ಅವನು ಮನೆಗೆ ಬಂದು, "ಅಲ್ವೇ, ನಾನು ಆ ಹುಡುಗಿಯ ಅಪ್ಪ ತಾನೆ? ನನಗ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿದ.

"ನಿಮಗೆ ಹೇಳೋದೂ ಒಂದೇ, ಮೈಕು ಹಿಡಿಯೋದೂ ಒಂದೇ," ಎಂದಳು ಹೆಂಡತಿ, ಒಗೆದ ಬಟ್ಟೆ ಮಡಚುತ್ತ.

ಅವನು ಜೋರಾಗಿ ನಕ್ಕ. ಮರುದಿನ ಆ ಮಾತನ್ನೂ ಬೀದಿಗೆಲ್ಲ ಹೇಳಿ ನಗಿಸಿದ. ಆದರೆ ಅದು ಅವನಿಗೆ ಚುಚ್ಚಿತ್ತು, ಬಹಳ ಚುಚ್ಚಿತ್ತು. ಅವನ ಜೀವನದಲ್ಲಿ ಆಸೆ ಅಂತ ಇದ್ದದ್ದು ಒಂದೇ. ಒಂದು ಸಲ, ಒಂದೇ ಒಂದು ಸಲ, ಹೆಂಡತಿ ತನ್ನನ್ನು ಪಕ್ಕಕ್ಕೆ ಕರೆದು, 'ರೀ, ಯಾರಿಗೂ ಹೇಳ್ಬೇಡಿ' ಎಂದು ಏನಾದರೂ ಹೇಳಬೇಕು. ಏನಾದರೂ ಸರಿ. ಬೀದಿಗಿಂತ ಮೊದಲು ತನಗೆ ತಿಳಿಯಬೇಕು.

ಊರಿನಲ್ಲಿ ಒಂದು ಹಳೆಯ ಬಂಗಲೆಯಿತ್ತು. ದಪ್ಪ ಬಾಗಿಲು, ಆಳೆತ್ತರಕ್ಕಿಂತ ಮೇಲೆ ಕಿಟಕಿ, ಬಾಗಿಲ ನೆತ್ತಿಯ ಮೇಲೆ ಕಲ್ಲಿನಲ್ಲಿ ಕೆತ್ತಿದ ಒಂದು ಮೂಲೆಮಟ್ಟ, ಒಂದು ಕೈವಾರ. ಅದು ಫ್ರೀಮೇಸನ್ನರ ಲಾಡ್ಜ್. ಬಾಡಿಗೆಗೆ ರೂಮು ಸಿಗುವ ಲಾಡ್ಜಲ್ಲ, ಸಂಘ ಸೇರುವ ಜಾಗ. ಮೇಸನ್ ಎಂದರೆ ಕಲ್ಲುಕೆಲಸದವನು ಎಂದರ್ಥ, ಆದರೆ ಆ ಸಂಘದಲ್ಲಿ ಒಬ್ಬನಿಗೂ ಇಟ್ಟಿಗೆಯ ಮೇಲೆ ಇಟ್ಟಿಗೆ ಇಡಲು ಬರುತ್ತಿರಲಿಲ್ಲ. ಒಬ್ಬರು ಹಲ್ಲಿನ ಡಾಕ್ಟರು, ಒಬ್ಬರು ವಕೀಲರು, ಇನ್ನು ಕೆಲವರು ಹಾಗೆಯೇ ಇಸ್ತ್ರಿ ಮಡಿಕೆ ಮುರಿಯದವರು. ಎಲ್ಲರಿಗೂ ಮೇಲೆ ಗಡಿಯಾರದ ಅಂಗಡಿಯ ಮುದುಕರು. ಅವರನ್ನು ಊರು ಗಡಿಯಾರದ ಯಜಮಾನರು ಎನ್ನುತ್ತಿತ್ತು. ಒಳಗೆ ನಡೆಯುವುದೇನೆಂದು ಹೊರಗೆ ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಎಲ್ಲರಿಗೂ ಗೊತ್ತಿತ್ತು. ಟೀ ಅಂಗಡಿಯವನ ಪ್ರಕಾರ ಅಲ್ಲಿ ದೆವ್ವ ಸಾಕಿದ್ದಾರೆ. ಔಷಧದವನ ಪ್ರಕಾರ ಸರ್ಕಾರವನ್ನು ನಡೆಸುವುದೇ ಅಲ್ಲಿಂದ, ಅದಕ್ಕೇ ರಸ್ತೆಗಳು ಹೀಗಿರುವುದು.

ಒಂದು ಸಂಜೆ ಆ ಬಂಗಲೆಯ ಬಾಗಿಲಿನ ಬೀಗ ಕೈಕೊಟ್ಟಿತು. ಎಲ್ಲರೂ ಒಳಗಿದ್ದರು. ಒಳಗಿನಿಂದ ಚಿಲಕ, ಬೀಗ, ಅಗುಳಿ ಎಲ್ಲ ಹಾಕಿಕೊಂಡು ಕೂರುವುದು ಅವರ ಪದ್ಧತಿ. ಹಾಕಿಕೊಂಡಾಯಿತು, ತೆಗೆಯಲು ಬರಲಿಲ್ಲ. ಕೆಳಬೀದಿಯ ಬೀಗದವನು ಊರಲ್ಲಿರಲಿಲ್ಲ. ಕಿಟಕಿಯಿಂದ ಕೂಗಿದ ದನಿ ಟೀ ಅಂಗಡಿಯವನಿಗೆ ಕೇಳಿ, ಅವನು ತಮಟೆಯನ್ನು ಎಬ್ಬಿಸಿಕೊಂಡು ಹೋದ.

"ಬಾಗಿಲು ತೆಗಿ, ಆದ್ರೆ ಒಳಗೆ ನೋಡ್ಬೇಡ!" ಎಂದಿತು ಒಳಗಿನ ದನಿ.

"ಸ್ವಾಮಿ, ಬಾಗಿಲು ತೆಗೆದ್ಮೇಲೆ ಕಣ್ಣು ಎಲ್ಲಿಡ್ಲಿ? ಜೇಬಲ್ಲಾ?" ಎಂದ ತಮಟೆ.

ತೆಗೆದ. ನೋಡಿದ. ಕಪ್ಪು ಬಿಳಿ ಚೌಕದ ನೆಲ, ಎರಡು ಕಂಬ, ನಡುವೆ ಮೇಣದ ಬತ್ತಿ. ಊರಿನ ಗಣ್ಯರೆಲ್ಲ ಕೋಟಿನ ಮೇಲೆ ಬಿಳಿಯ ಏಪ್ರನ್ ಕಟ್ಟಿಕೊಂಡು, ಕೈಗೆ ಗ್ಲೌಸು ಹಾಕಿಕೊಂಡು ಸಾಲಾಗಿ ನಿಂತಿದ್ದರು. ಹಲ್ಲಿನ ಡಾಕ್ಟರು ಗುರುತು ಸಿಗಬಾರದೆಂದು ಪರದೆಯ ಹಿಂದೆ ಮುಖ ತೂರಿಸಿದ್ದರು, ಉಳಿದ ಮೈಯೆಲ್ಲ ಹೊರಗೇ ಇತ್ತು. "ನಮಸ್ಕಾರ ಡಾಕ್ಟ್ರೇ," ಎಂದ ತಮಟೆ.

ಅವನು ಹೋದ ಮೇಲೆ ಒಳಗೆ ನಡೆದ ಗಾಬರಿ ಅಷ್ಟಿಷ್ಟಲ್ಲ. ಊರಿನಲ್ಲಿ ಬೇರೆ ಯಾರು ನೋಡಿದ್ದರೂ ಆಗುತ್ತಿತ್ತು. ಇವನ ಬಾಯಿ ಮುಚ್ಚಿಸಲು ಇರುವುದು ಒಂದೇ ದಾರಿ, ಪ್ರಮಾಣ ಮಾಡಿಸುವುದು. ಪ್ರಮಾಣ ಮಾಡಿಸಬೇಕಾದರೆ ಸಂಘಕ್ಕೆ ಸೇರಿಸಿಕೊಳ್ಳಬೇಕು. ವಕೀಲರು "ಇದು ಕಳ್ಳನ ಕೈಗೇ ಕೀಲಿಕೈ ಕೊಟ್ಟ ಹಾಗೆ" ಎಂದರು. ಆದರೆ ಬೇರೆ ಉಪಾಯ ಅವರಿಗೂ ಹೊಳೆಯಲಿಲ್ಲ. ಕಲಿತವರು ನಾಲ್ಕು ಜನ ಸೇರಿ ತಲೆ ಓಡಿಸಿದರೆ ಇಂಥದ್ದೇ ಆಗುವುದು. ಅದರ ಮೇಲೆ ಇನ್ನೊಂದು ತೊಡಕು. ಯಾರನ್ನೂ 'ಬಾ, ಸೇರು' ಎಂದು ಕರೆಯುವಂತಿಲ್ಲ, ಬರುವವನು ತಾನಾಗಿ ಕೇಳಬೇಕು. ಅದು ಅವರ ಹಳೆಯ ಕಟ್ಟಳೆ.

ಮರುದಿನ ಹಲ್ಲಿನ ಡಾಕ್ಟರು ತಮಟೆಯ ಅಂಗಡಿಯ ಮುಂದೆ ನಿಂತರು.

"ನಿಮಗೆ ನಮ್ಮನ್ನ ಏನಾದ್ರೂ ಕೇಳ್ಬೇಕು ಅನ್ನಿಸ್ತಿದೆಯಾ? ನಿಮ್ಮ ಸ್ವಂತ ಇಷ್ಟದಿಂದ?"

"ಈ ಕಡೆ ದವಡೆ ಹಲ್ಲು ಜುಂ ಅನ್ನುತ್ತೆ ಸಾರ್, ಯಾಕೆ?"

"ಅದಲ್ಲ."

"ಮತ್ತೇನು ಕೇಳ್ಬೇಕು ಹೇಳಿ, ಕೇಳ್ತೀನಿ."

"ಅದನ್ನ ನಾನು ಹೇಳೋ ಹಾಗಿಲ್ಲ. ನೀವೇ ಕೇಳ್ಬೇಕು."

"ಏನನ್ನ?"

"ಅದನ್ನೇ."

ಹೀಗೆ ಎರಡು ವಾರ ನಡೆಯಿತು. ಡಾಕ್ಟರು ಬರುವುದು, ಅರ್ಥಪೂರ್ಣವಾಗಿ ನೋಡುವುದು, ನಿಟ್ಟುಸಿರು ಬಿಟ್ಟು ಹೋಗುವುದು. ಪಾಪ, ಡಾಕ್ಟರಿಗೆ ಏನೋ ಬುದ್ಧಿಗೆ ಆಗಿದೆ ಎಂದು ತಮಟೆ ಬೀದಿಗೆಲ್ಲ ಹೇಳಿದ. ಕೊನೆಗೆ ಗಡಿಯಾರದ ಯಜಮಾನರೇ ಒಂದು ಗೋಡೆ ಗಡಿಯಾರದ ಕೀಲಿ ಹಿಡಿದು ಬಂದು ಅಂಗಡಿಯ ಮುಂದೆ ಕುಳಿತರು. ಇವನು ಅದೂ ಇದೂ ಹರಟುತ್ತ, "ನಿಮ್ಮ ಬಂಗಲೆ ಒಳಗೆ ಎಷ್ಟು ತಣ್ಣಗಿದೆ ಯಜಮಾನ್ರೇ. ಈ ಸೆಕೇಲಿ ಬೇಯೋ ಬದಲು ನನ್ನನ್ನೂ ಸೇರಿಸ್ಕೊಳ್ಳಿ ಅತ್ಲಾಗೆ," ಎಂದ. ಯಜಮಾನರು ಕೂತಲ್ಲಿಂದ ಎದ್ದೇಬಿಟ್ಟರು. "ಕೇಳಿದ!" ಎಂದು ಕೂಗಿದರು. ಟೀ ಅಂಗಡಿಯ ಬೆಂಚಿನಿಂದ ಡಾಕ್ಟರು ಲೋಟ ಕೈಯಲ್ಲಿ ಹಿಡಿದೇ ಓಡಿ ಬಂದರು.

ಸೇರಿಸಿಕೊಳ್ಳುವ ದಿನ ಬಂತು. ಒಳಗೆ ಬರುವವನ ಮೈಮೇಲೆ ಲೋಹದ ಚೂರೂ ಇರಬಾರದು, ಬಡವನಾಗಿ, ಬರಿಗೈಯಲ್ಲಿ ಬರಬೇಕು ಎನ್ನುವುದು ಅದರ ಅರ್ಥ. ಬೀಗದವನ ಮೈಮೇಲೆ ಲೋಹ ಇರಬಾರದೆಂದರೆ ಏನು ಹೇಳೋಣ! ಅಂಗಿಯ ಜೇಬಿನಿಂದ ಕೀಲಿಕೈ ಬಂದವು, ಪ್ಯಾಂಟಿನ ಜೇಬಿನಿಂದ ಬಂದವು, ಮಡಿಚಿದ ತೋಳಿನಿಂದ ಸ್ಪ್ರಿಂಗು ಬಂತು, ಕೂದಲಿನಿಂದ ಕಬ್ಬಿಣದ ಪುಡಿ ಉದುರಿತು. ವಕೀಲರು ಮಂಡಿಯೂರಿ ಅದನ್ನೆಲ್ಲ ಬಾಚಿದರು. ಎಲ್ಲ ಮುಗಿಯಿತು ಅನ್ನುವಾಗ ಹಲ್ಲಿನ ಡಾಕ್ಟರು ತಗ್ಗಿದ ದನಿಯಲ್ಲಿ, "ಇವನ ದವಡೆ ಹಲ್ಲಲ್ಲಿ ಬೆಳ್ಳಿ ಇದೆ. ಹೋದ ವಾರ ನಾನೇ ತುಂಬಿದ್ದು," ಎಂದರು. ಬಾಯೊಳಗಿನ ಲೋಹ ಮೈಮೇಲಿನ ಲೋಹವೋ ಅಲ್ಲವೋ ಎಂದು ಚರ್ಚೆ ಹತ್ತಿತು. ಒಬ್ಬರು ಕೀಳಬೇಕೆಂದರು. "ಸೇರಿಸ್ಕೊಂಡ ಮೇಲೆ ವಾಪಸ್ ಹಾಕ್ತೀರಾ?" ಎಂದು ತಮಟೆ ಕೇಳಿದ. ಯಜಮಾನರು ಬೈದು ಎಲ್ಲರ ಬಾಯಿ ಮುಚ್ಚಿಸಿದರು.

ಅವನ ಒಂದು ಕಾಲಿನ ಪ್ಯಾಂಟು ಮಂಡಿಯವರೆಗೆ ಮಡಿಚಿದರು. ಅಂಗಿಯ ಒಂದು ತೋಳು ತೆಗೆಸಿ ಎದೆ ಬರಿದು ಮಾಡಿದರು. ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಇಲ್ಲ. ಕುತ್ತಿಗೆಗೆ ಹಗ್ಗ, ಕಣ್ಣಿಗೆ ಬಟ್ಟೆ. ಬಾಗಿಲನ್ನು ಮೂರು ಸಲ ತಟ್ಟಿ, ಕೈಹಿಡಿದು ಒಳಗೆ ಸುತ್ತು ಹಾಕಿಸಿದರು. ಕತ್ತಲೆಯಲ್ಲಿ ಒಂದು ಗಂಭೀರ ದನಿ, "ನಿನಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿರುವುದು ಏನು?" ಎಂದು ಕೇಳಿತು.

"ನನ್ನ ಹೆಂಡ್ತಿ ಒಂದ್ಸಲನಾದ್ರೂ..." ಎಂದು ಅವನು ಶುರುಮಾಡಿದ.

ಡಾಕ್ಟರು ಪಕ್ಕೆಗೆ ತಿವಿದರು. "ಬೆಳಕು ಅನ್ನು, ಬೆಳಕು!"

"ಬೆಳಕು," ಎಂದ.

ಆಮೇಲೆ ಪ್ರಮಾಣ. ಹಿಂದಿನ ಕಾಲದಲ್ಲಿ, ಗುಟ್ಟು ಬಿಟ್ಟುಕೊಟ್ಟವನ ನಾಲಿಗೆ ಕಿತ್ತು ಸಮುದ್ರದ ಮರಳಿನಲ್ಲಿ ಹೂಳಬೇಕು ಎನ್ನುವ ಮಾತು ಪ್ರಮಾಣದಲ್ಲಿ ಇತ್ತಂತೆ, ಅದನ್ನು ಓದಿ ಹೇಳಿದರು. "ಸಮುದ್ರ ಇಲ್ಲಿಂದ ದೂರ ಅಲ್ವಾ ಸಾರ್, ಅಲ್ಲೀವರೆಗೂ ಯಾರು ಹೊತ್ಕೊಂಡು ಹೋಗ್ತಾರೆ?" ಎಂದು ಕೇಳಿದ. ಕಣ್ಣಿನ ಬಟ್ಟೆ ಬಿಚ್ಚಿದರು. ಏಪ್ರನ್ ಕಟ್ಟಿದರು. ಹೆಬ್ಬೆರಳು ಒತ್ತಿ ಕೈಕುಲುಕುವ ಒಂದು ರೀತಿ ಕಲಿಸಿದರು. ಒಂದು ಪದ ಕೊಟ್ಟರು. ಅದನ್ನು ಒಬ್ಬನೇ ಪೂರ್ತಿ ಹೇಳುವಂತಿಲ್ಲ, ಒಂದಕ್ಷರ ನೀನು, ಒಂದಕ್ಷರ ನಾನು.

ಆ ಪ್ರಮಾಣ ಎಷ್ಟು ಹೊತ್ತು ಉಳಿಯಿತು ಎಂದರೆ, ಬಂಗಲೆಯಿಂದ ಮನೆಗೆ ನಡೆಯುವಷ್ಟು ಹೊತ್ತು. ದಾರಿಯಲ್ಲಿ ಯಾರೂ ಸಿಗಲಿಲ್ಲ, ಅದಕ್ಕೆ. ಹೆಂಡತಿ ಅಡುಗೆಮನೆಯಲ್ಲಿದ್ದಳು. ಅವನು ಚಪ್ಪಲಿ ಬಿಡುವ ಮೊದಲೇ ಹೇಳಲು ಶುರುಮಾಡಿ, ಒಂದೇ ಉಸಿರಿಗೆ ಎಲ್ಲ ಹೇಳಿದ. ಹಗ್ಗ ಹೇಳಿದ, ಚಪ್ಪಲಿ ಹೇಳಿದ, ಹಲ್ಲಿನ ಬೆಳ್ಳಿ ಹೇಳಿದ. ಅವಳ ಒದ್ದೆ ಕೈ ಹಿಡಿದು ಹೆಬ್ಬೆರಳು ಒತ್ತಿ ತೋರಿಸಿದ. "ಈಗ ಆ ಪದ. ನಾನೊಂದು ಅಕ್ಷರ ಹೇಳ್ತೀನಿ, ಮುಂದಿನ ಅಕ್ಷರ ನಿನಗೆ ಕಿವೀಲಿ ಹೇಳಿಕೊಡ್ತೀನಿ, ನೀನು ಜೋರಾಗಿ ಹೇಳು," ಎಂದ.

ಅವಳು ಕೈ ಬಿಡಿಸಿಕೊಂಡು ಸೆರಗಿಗೆ ಒರೆಸಿಕೊಂಡಳು. "ಅಷ್ಟು ದೊಡ್ಡ ದೊಡ್ಡ ಜನ, ಡಾಕ್ಟ್ರು, ಲಾಯರು, ಬಾಗಿಲು ಹಾಕ್ಕೊಂಡು ನಿಮ್ಮ ಪ್ಯಾಂಟು ಮಡಿಚ್ತಾ ಕೂತಿದ್ರಾ? ನನ್ನ ಕಿವಿಗೆ ಹೂವಿಡ್ಬೇಡಿ."

"ನಿನ್ನಾಣೆ ಕಣೇ! ಇಷ್ಟೇ ನಡೆದಿದ್ದು."

"ಇಷ್ಟೇನಾ?"

"ಇಷ್ಟೇ!"

"ಹೇಳೋ ಹಾಗಿಲ್ಲ ಅಂತ ಹೇಳಿ, ಒಪ್ಕೋತೀನಿ. ಸುಳ್ಳು ಯಾಕೆ ಹೇಳ್ತೀರಿ? ನೀವು ಇಲ್ಲೀತನಕ ಎಷ್ಟೇ ಬಾಯಿಬಡುಕರಾದ್ರೂ ನನಗೆ ಸುಳ್ಳು ಹೇಳಿದೋರಲ್ಲ." ಅವಳ ಕಣ್ಣಲ್ಲಿ ನೀರು ತುಂಬಿತ್ತು. ತಟ್ಟೆಯನ್ನು ಅವನ ಮುಂದೆ ಕುಕ್ಕಿ ಇಟ್ಟು ಒಳಗೆ ಹೋದಳು. ಅವನು ಕಂಗಾಲಾಗಿ ಕುಳಿತ.

ಬೀದಿಯಲ್ಲೂ ಅದೇ ಕಥೆ. ಬೆಳಿಗ್ಗೆ ಹಾಲಿನವನಿಗೆ ಹೇಳಿದ, ಅವನು ಕಣ್ಣು ಹೊಡೆದು, "ಆಯ್ತು ಬಿಡಣ್ಣ, ನಾನು ಕೇಳಿದ್ದು ತಪ್ಪು," ಎಂದ. ಟೀ ಅಂಗಡಿಯವನಿಗೆ ಹೇಳಿದ. ಅವನು ಹುಬ್ಬೇರಿಸಿ, "ದೆವ್ವದ ವಿಷಯ ಬಿಟ್ಟು ಬೇರೆಲ್ಲ ಹೇಳಿದೆ," ಎಂದ. "ದೆವ್ವ ಇಲ್ಲ ಮಾರಾಯ!" ಎಂದರೆ, "ಇಲ್ಲ ಅಂತ ಹೇಳು ಅಂತ ಹೇಳಿಕೊಟ್ಟಿದ್ದಾರೆ," ಎಂದ. ಔಷಧದವನಂತೂ ಅವನ ಭುಜ ತಟ್ಟಿ ಮೆಚ್ಚಿಕೊಂಡ. "ಏನು ಪಳಗಿಸಿಬಿಟ್ರು ನೋಡ್ರಯ್ಯಾ! ಬಾಯಿ ಮುಚ್ಚಿದ್ರೆ ಅನುಮಾನ ಬರುತ್ತೆ ಅಂತ, ಬಾಯಿ ಬಿಟ್ಟು ಏನೇನೋ ಹೇಳೋದು ಕಲಿಸಿದ್ದಾರೆ."

ಸಂಘದವರು ಅವನನ್ನು ಕೆಲವು ತಿಂಗಳಲ್ಲಿ ಸದಸ್ಯತ್ವದ ಉಳಿದ ದರ್ಜೆಗಳನ್ನೂ ಹತ್ತಿಸಿ, ಬಾಗಿಲ ಹೊರಗೆ ಬಿಚ್ಚುಗತ್ತಿ ಹಿಡಿದು ನಿಲ್ಲುವ ಕಾವಲಿನ ಕೆಲಸ ಕೊಟ್ಟರು. ಹೊರಗೆ ನಿಂತರೆ ಒಳಗಿನದು ಹೊಸದಾಗಿ ಏನೂ ತಿಳಿಯುವುದಿಲ್ಲ ಎಂದು ವಕೀಲರ ಲೆಕ್ಕ. ಅವನು ಕತ್ತಿಯನ್ನು ಕಂಕುಳಲ್ಲಿಟ್ಟುಕೊಂಡು, ಹೋಗಿ ಬರುವವರನ್ನೆಲ್ಲ ನಿಲ್ಲಿಸಿ ಒಳಗೆ ಏನು ನಡೆಯುತ್ತಿದೆ ಎಂದು ವಿವರಿಸುತ್ತಿದ್ದ. ಕೇಳಿದವರು, "ಎಂಥಾ ಕಾವಲು! ಇವನ ಬಾಯಿಂದ ಒಂದು ಅಕ್ಷರ ನಿಜ ಹೊರಡಲ್ಲ," ಎಂದು ಕೊಂಡಾಡಿ ಮುಂದೆ ಹೋಗುತ್ತಿದ್ದರು. ನೋಡನೋಡುತ್ತ ಅವನ ಅಂಗಡಿಗೆ ಬೀರುಗಳು ವಾಪಸು ಬಂದವು, ತಿಜೋರಿಗಳು ಬಂದವು. ವಿಗ್ಗಿನ ಮಹಾಶಯರೂ ಒಂದು ದಿನ ಬಂದರು. ಬೀರುವಿನಲ್ಲಿ ಈಗ ಎರಡು ವಿಗ್ ಇದ್ದವು. ತಮಟೆ ಅದನ್ನೂ ಬೀದಿಗೆ ಹೇಳಿದ. ಯಾರು ನಂಬಬೇಕು? ಒಳಗಿದ್ದದ್ದು ಬೇರೇನೋ ಇರಬೇಕು, ಆ ಮಹಾಶಯರ ಮಾನ ಉಳಿಸಲು ಇವನು ಎಂಥ ಸುಳ್ಳು ಕಟ್ಟಿದ್ದಾನೆ ಎಂದು ಜನ ಕರಗಿಹೋದರು.

ಇದೆಲ್ಲ ಸರಿ, ಆದರೆ ಹೆಂಡತಿ ಅವನೊಂದಿಗೆ ಸರಿಯಾಗಿ ಮಾತನಾಡುತ್ತಿರಲಿಲ್ಲ. ಊಟ ಬಡಿಸುವಾಗ ಒಂದು ನೋಟ ನೋಡುತ್ತಿದ್ದಳು. ಅದರಲ್ಲಿ ಅರ್ಧ ಸಿಟ್ಟು, ಅರ್ಧ ಇನ್ನೇನೋ. ಹೇಳಬೇಕಾದ್ದನ್ನೆಲ್ಲ ಹೇಳಿಯೂ ಬಚ್ಚಿಟ್ಟವನ ಪಟ್ಟ ಸಿಕ್ಕಿತ್ತು. ತಡೆಯಲಾರದೆ ಒಂದು ಬೆಳಿಗ್ಗೆ ಗಡಿಯಾರದ ಅಂಗಡಿಗೆ ಹೋಗಿ, "ಯಜಮಾನ್ರೇ, ನನ್ನ ನಾಲಿಗೆ ಕಿತ್ಬಿಡಿ," ಎಂದ.

ಯಜಮಾನರು ಒಂದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಗಡಿಯಾರದ ಹೊಟ್ಟೆಯೊಳಗೆ ನೋಡುತ್ತಿದ್ದರು. "ಯಾಕಪ್ಪ?"

"ಎಲ್ಲಾ ಹೇಳ್ಬಿಟ್ಟೆ. ಮೊದಲ್ನೇ ದಿನವೇ ಹೇಳ್ಬಿಟ್ಟೆ. ಹೆಂಡ್ತಿಗೆ, ಟೀ ಅಂಗಡಿಯವನಿಗೆ, ಹಾಲಿನವನಿಗೆ. ಹಾಲಿನವನಿಗೆ ಎರಡು ಸಲ."

"ನಂಬಿದ್ರಾ?"

"ಒಬ್ರೂ ನಂಬ್ಲಿಲ್ಲ."

"ನಂಬಲ್ಲ. ನಾನು ಸೇರಿದ ಹೊಸದ್ರಲ್ಲಿ ನಮ್ಮಕ್ಕನಿಗೆ ಹೇಳಿದ್ದೆ. ಸುಳ್ಳು ಹೇಳ್ತೀಯಾ ಅಂತ ಅವಳು ಸಾಯೋತನಕ ಆಡ್ಕೊಂಡ್ಳು."

ತಮಟೆ ಪೆಚ್ಚಾದ. "ಹಾಗಾದ್ರೆ ಗುಟ್ಟು ಅನ್ನೋದೇ ಇಲ್ವಾ? ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತಲ್ಲ!"

ಯಜಮಾನರು ಕಣ್ಣಿನ ಗಾಜು ತೆಗೆದರು. "ಕಣ್ಣು ಕಟ್ಟಿ ನಡೆಸಿದಾಗ ನಿನ್ನ ಎದೆ ಹೊಡ್ಕೊಂಡಿತಾ?"

"ಡವಡವ ಅಂತ ಹೊಡ್ಕೊಂಡಿತು."

"ಅದನ್ನ ಹಾಲಿನವನಿಗೆ ಹೇಳಿದ್ಯಾ?"

"ಹೇಳಿದ್ನಲ್ಲ."

"ಅವನ ಎದೆ ಹೊಡ್ಕೊಂಡಿತಾ?"

"ಎಲ್ಲಿ ಬಂತು, ಅವನು ಹಾಲು ಅಳೀತಿದ್ದ."

"ಅಷ್ಟೇ ನೋಡು. ಹೇಳಿದ್ರೂ ಹೋಗದೇ ಇರೋದು ಒಂದಿದೆ, ಅದಕ್ಕೆ ನಾವು ಕಾವಲು ಹಾಕೋದೂ ಬೇಕಿಲ್ಲ. ಉಳಿದ ಮಾತು, ಕೈಕುಲುಕು, ಅದೆಲ್ಲ ಅಚ್ಚಾದ ಪುಸ್ತಕದಲ್ಲೇ ಸಿಗುತ್ತೆ. ಆದ್ರೂ ಗುಟ್ಟು ಗುಟ್ಟು ಅಂತ ಕೊಡ್ತೀವಿ. ಮಗು ಕೈಗೆ ಮೊದಲು ತಗಡಿನ ಲೋಟ ಕೊಡಲ್ವಾ, ಹಾಗೆ. ಬಿದ್ರೂ ಏನೂ ಆಗಲ್ಲ. ಹಿಡಿಯೋಕೆ ಬರುತ್ತಾ ಅಂತ ನೋಡೋದು. ನೀನು ಬೀಳಿಸ್ದೆ, ಸದ್ದಾಯ್ತು."

"ಮತ್ತೆ ಗಾಜಿನ ಲೋಟ ಯಾವಾಗ ಕೊಡ್ತೀರಿ?"

"ಅದು ನಮ್ಮ ಹತ್ರ ಇಲ್ಲಪ್ಪ," ಎಂದು ಯಜಮಾನರು ಮತ್ತೆ ಗಡಿಯಾರಕ್ಕೆ ಬಗ್ಗಿದರು. "ಯಾರಾದ್ರೂ ಕೊಟ್ರೆ ಉಂಟು, ಇಲ್ಲದಿದ್ರೆ ಇಲ್ಲ."

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಶನಿವಾರ ಮಧ್ಯಾಹ್ನ, ಹೆಂಡತಿ ಅವನ ಅಂಗಡಿಯ ಮುಂದೆ ಬಂದು ನಿಂತಳು. ಶನಿವಾರ ಅವಳಿಗೆ ಗಿರಣಿಯಲ್ಲಿ ಹೆಚ್ಚಿನ ಕೆಲಸ ಎಂದು ಅವನಿಗೆ ಗೊತ್ತಿತ್ತು. ಬೀದಿಗೂ ಗೊತ್ತಿತ್ತು, ಅವನೇ ಹೇಳಿದ್ದ. "ಸಾಮಾನು ತಗೊಂಡು ಬನ್ನಿ. ಒಂದು ಬೀಗ ತೆಗೀಬೇಕು," ಎಂದಳು.

"ಯಾರ ಮನೇದು?"

"ಬನ್ನಿ ಅಂದ್ರೆ ಬನ್ನಿ."

ಎರಡು ಬೀದಿ ದಾಟಿ, ಮುಚ್ಚಿಹೋದ ಒಂದು ಪ್ರೆಸ್ಸಿನ ಪಕ್ಕದ ಇಕ್ಕಟ್ಟಾದ ಮೆಟ್ಟಿಲು ಹತ್ತಿದರು. ಮೇಲೆ ಒಂದು ಸಣ್ಣ ಬಾಗಿಲು. ಅವಳು ತಿರುಗಿ ನಿಂತು, ಮೆಟ್ಟಿಲ ಕೆಳಗೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ರೀ, ಯಾರಿಗೂ ಹೇಳ್ಬೇಡಿ."

ಅವನು ಸಾಮಾನಿನ ಚೀಲ ಕೆಳಗಿಟ್ಟ. ಇಷ್ಟು ವರ್ಷ ಕಾದ ಮಾತು. ಕುಣಿಯಬೇಕು ಅನ್ನಿಸಿತು, ಅದರ ಬೆನ್ನಿಗೇ ಭಯವೂ ಆಯಿತು. ಇವಳು ನಂಬಿರುವುದು ತನ್ನನ್ನಲ್ಲ, ಬಾಯಿ ಬಿಡದ ಇನ್ಯಾರನ್ನೋ. "ನೋಡೇ, ಒಂದು ಮಾತು ಹೇಳಿಬಿಡ್ತೀನಿ. ಆ ಲಾಡ್ಜಿನ ವಿಷಯ ನಾನು ನಿಜವಾಗ್ಲೂ ಎಲ್ಲಾ ಹೇಳ್ಬಿಟ್ಟಿದ್ದೆ. ಬಚ್ಚಿಟ್ಟಿದ್ದು ಒಂದೂ ಇಲ್ಲ. ನಿನ್ನಾಣೆ."

ಅವಳು ನಕ್ಕುಬಿಟ್ಟಳು. "ನೋಡಿ, ಈಗ್ಲೂ ಬಿಡಲ್ಲ! ಮೊದಮೊದಲು ನನಗೆ ಸಿಟ್ಟು ಬಂದಿದ್ದು ನಿಜ. ಆಮೇಲೆ ಅನ್ನಿಸ್ತು, ಹೆಂಡ್ತಿ ಮುನಿಸ್ಕೊಂಡ್ರೂ ಬಾಯಿ ಬಿಡದಿರೋ ಮನುಷ್ಯನಿಗೆ ಒಂದು ವಿಷಯ ಹೇಳ್ಬಹುದು ಅಂತ."

ಅವನು ಬೀಗ ಹಿಡಿದು ನೋಡಿದ. "ಅಯ್ಯೋ, ಇದು ಕೆಳಬೀದಿಯವನ ಬೀಗ!"

"ನಿಮ್ಮ ಹತ್ರ ತಗೊಂಡಿದ್ರೆ ಗುಟ್ಟಾಗಿರ್ತಿತ್ತಾ? ತುಕ್ಕು ಹಿಡಿದು ಕೂತಿದೆ, ತೆಗೀರಿ."

ತೆಗೆದ. ಒಂದೇ ಕೋಣೆ. ಒಂದು ಕುರ್ಚಿ, ಒಂದು ಹೂಜಿ ನೀರು, ಪಕ್ಕದ ಗೋಡೆಯನ್ನು ಬಿಟ್ಟು ಬೇರೇನೂ ಕಾಣದ ಒಂದು ಕಿಟಕಿ. ಅವನ ತಲೆಯಲ್ಲಿ ಸಾವಿರ ಯೋಚನೆ ಓಡಿದವು, ಎಲ್ಲವೂ ಕೆಟ್ಟವೇ.

"ಯಾರು ಬರ್ತಾರೆ ಇಲ್ಲಿಗೆ?" ಎಂದ.

"ಯಾರೂ ಬರಲ್ಲ. ಅದಕ್ಕೇ ಇಟ್ಕೊಂಡಿರೋದು."

"ನೀನು ಇಲ್ಲಿ ಏನು ಮಾಡ್ತೀಯಾ?"

"ಏನೂ ಇಲ್ಲ. ಕೂತ್ಕೋತೀನಿ. ಶನಿವಾರ ಒಂದು ಗಂಟೆ."

"ಇಷ್ಟೇನಾ?"

"ಇಷ್ಟೇ."

ಅವನು ಕುರ್ಚಿಯನ್ನು ನೋಡಿದ. ಅದರ ಬೆತ್ತದ ಹೆಣಿಗೆ ಒಬ್ಬಳೇ ಕೂತು ಕೂತು ನಡುವೆ ಕುಸಿದು ಗುಳಿ ಬಿದ್ದಿತ್ತು. ನಂಬಿದ. ನಂಬಿದ ಮೇಲೆ ಕೇಳಬಾರದ್ದನ್ನು ಕೇಳಿದ. "ನನ್ನಿಂದಲಾ?"

ಅವಳು ಸುಳ್ಳು ಹೇಳಲಿಲ್ಲ. "ಹೂಂ, ನಿಮ್ಮಿಂದಲೇ. ಮಗಳು ಚಿಕ್ಕೋಳಿದ್ದಾಗ ಒಂದ್ಸಲ ಬ್ಯಾಗು ತುಂಬಿಸಿದ್ದೆ, ಹೋಗಿಬಿಡೋಣ ಅಂತ. ನಿಮ್ಮ ಮಾತು ತಡಕೊಳ್ಳೋಕೆ ಆಗ್ತಿರಲಿಲ್ಲ. ಆದ್ರೆ ನಿಮ್ಮನ್ನ ಬಿಟ್ಟು ಹೋಗೋಕೂ ಮನಸ್ಸು ಬರ್ಲಿಲ್ಲ. ಅದಕ್ಕೇ ಈ ರೂಮು ಹಿಡಿದೆ. ವಾರಕ್ಕೆ ಒಂದು ಗಂಟೆ ಬಿಟ್ಟು ಹೋಗ್ತೀನಿ, ವಾಪಸ್ ಬರ್ತೀನಿ."

ಅವನು ಅತ್ತ. ಅವಳು ಹೂಜಿಯಿಂದ ನೀರು ಕೊಟ್ಟಳು. ಅವನು ಕುಡಿದು, ಬೀಗವನ್ನು ಬಿಚ್ಚಿ, ಒಳಗಿನ ತುಕ್ಕನ್ನು ಉಜ್ಜಿ, ಎಣ್ಣೆ ಬಿಟ್ಟು, ಮತ್ತೆ ಜೋಡಿಸಿ ಕೀಲಿಕೈಯನ್ನು ಅವಳ ಅಂಗೈಯಲ್ಲಿಟ್ಟ. ಇನ್ನೊಂದು ಕೀಲಿಕೈ ಮಾಡಿಕೊಳ್ಳಲೇ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಅವಳ ಗಂಟೆ ಇನ್ನೂ ಉಳಿದಿತ್ತು. ಬಾಗಿಲು ಎಳೆದುಕೊಂಡು ಇಳಿದು ಬಂದ.

ಬಂದವನು ಟೀ ಅಂಗಡಿಯ ಬೆಂಚಿನಲ್ಲಿ ಕುಳಿತ. ಹುಟ್ಟಿದಾರಭ್ಯ ಅವನಿಗೆ ನೋವಿಗೆ ಗೊತ್ತಿದ್ದ ಔಷಧಿ ಒಂದೇ, ಯಾರಿಗಾದರೂ ಹೇಳಿಬಿಡುವುದು. ಅಪ್ಪ ಸತ್ತಾಗ ಈ ಬೆಂಚಿನ ಮೇಲೆ ಹೇಳಿ ಹಗುರಾಗಿದ್ದ. ಈಗ 'ನನ್ನ ಹೆಂಡತಿ ನನ್ನನ್ನು ಬಿಟ್ಟು ಹೋಗಲಿದ್ದಳು, ಹೋಗಲಿಲ್ಲ, ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ' ಎಂದು ಒಂದು ಸಲ ಹೇಳಿದರೆ ಸಾಕಿತ್ತು, ಎದೆಯ ಮೇಲಿನ ಕಲ್ಲು ಇಳಿಯುತ್ತಿತ್ತು. ಹೇಳಿದರೂ ಯಾರೂ ನಂಬುತ್ತಿರಲಿಲ್ಲ, ಅದೂ ಅವನಿಗೆ ಗೊತ್ತಿತ್ತು. ಯಾವ ಅಪಾಯವೂ ಇರಲಿಲ್ಲ.

"ಏನೋ ತಮಟೆ, ಮುಖ ಯಾಕೆ ಹೀಗಿದೆ?" ಟೀ ಅಂಗಡಿಯವನು ಲೋಟ ಮುಂದಿಟ್ಟು ಕೇಳಿದ. "ಮನೆಯವರ ಜೊತೆ ಎಲ್ಲಿಗೋ ಹೋದ ಹಾಗಿತ್ತು?"

ಔಷಧದವನು ಪೇಪರಿನಿಂದ ತಲೆ ಎತ್ತಿದ. ತಮಟೆ ಬಾಯಿ ತೆರೆದ. ಅವನ ತುಟಿ ಒಂದೆರಡು ಸಲ ಅಲುಗಿತು.

"ಏನಿಲ್ಲ," ಎಂದ.

ಯಾರೂ ಹುಬ್ಬೇರಿಸಲಿಲ್ಲ, ಯಾರೂ ಕಣ್ಣು ಹೊಡೆಯಲಿಲ್ಲ. ಟೀ ಅಂಗಡಿಯವನು "ಓ" ಎಂದು ಒಲೆಯ ಕಡೆ ತಿರುಗಿದ. ಔಷಧದವನು ಪೇಪರಿನ ಹಾಳೆ ಮಗುಚಿದ. ಎಲ್ಲರೂ ನಂಬಿಬಿಟ್ಟರು.